ಜಲೇಬಿ ಅಕ್ಷರದ ಗಾಡಿ

“ಮಾಡೆಲ್ ಕೌನ್ ಸಾ ಹೈ?”

ಆ ವರ್ಷ ಈ ಒಂದು ಪ್ರಶ್ನೆ ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದು ಹೋಗಿತ್ತು. ಟ್ರಾನ್ಸ್‌ಪೋರ್ಟ್ ನಗರದ ಯಾವ ಆಫೀಸಿನ ಮೆಟ್ಟಿಲು ಹತ್ತಿದರೂ ಮೊದಲು ಇದೇ. ಗಾಡಿ ಹೇಗೆ ಓಡುತ್ತೆ ಅಂತ ಕೇಳೋದಿಲ್ಲ, ಓಡಿಸೋನು ಎಂಥವನು ಅಂತ ಕೇಳೋದಿಲ್ಲ. ಮಾಡೆಲ್ ಯಾವುದು, ಅಷ್ಟೇ. ಹೇಳಿದ ಕೂಡಲೇ ಮುಖ ಆ ಕಡೆ ತಿರುಗಿಸಿ ಫೋನ್ ಎತ್ತಿಕೊಳ್ಳೋರು. ಹೆಣ್ಣು ನೋಡೋಕೆ ಬಂದವರು ವಯಸ್ಸು ಕೇಳಿ, ಉಪ್ಪಿಟ್ಟನ್ನೂ ಮುಟ್ಟದೆ ಎದ್ದು ಹೋದ ಹಾಗೆ. ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು.

ಆಗ ನಾವು ದಿಲ್ಲಿಯ ಮುನೀರ್ಕಾದ ಗಲ್ಲಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ನಮ್ಮ ಮನೆಯವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ಪೆನ್ಷನ್ ತಗೊಂಡು ಬಂದವರು. ಬಂದ ಮೇಲೆ ಊರಿಗೆ ಹೋಗದೆ ದಿಲ್ಲಿಯಲ್ಲೇ ನಿಂತು ಒಂದು ಟ್ರೇಲರ್ ಗಾಡಿ ಮಾಡಿಕೊಂಡಿದ್ದರು. ನಾನು ಮನೆಯಲ್ಲಿ ಮೆಸ್ ನಡೆಸುತ್ತಿದ್ದೆ. ಪಕ್ಕದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಮ್ಮ ಕಡೆಯ ಮಕ್ಕಳು, ಗುಡಗಾಂವ್ ಕಂಪನಿಗಳಲ್ಲಿ ಕುತ್ತಿಗೆಗೆ ಕಾರ್ಡು ನೇತು ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರು, ಎಲ್ಲ ಬರುತ್ತಿದ್ದರು. ಯಾವ ಜಾತಿ, ಯಾವ ದೇವರು ಅಂತ ನಾನು ಕೇಳಿದವಳಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಮಾತ್ರ ಯಾರೇ ಆಗಲಿ ಮಂಗಳಾರತಿ ಎತ್ತುತ್ತಿದ್ದೆ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರೋದು. ಚಿತ್ರದುರ್ಗದ ಕಡೆ ಹೆದ್ದಾರಿ ಪಕ್ಕ ನಮ್ಮಪ್ಪ ಹೋಟೆಲ್ ಇಟ್ಟಿದ್ದರು. ಲಾರಿಯವರಿಗೆ ಇಡ್ಲಿ ಚಟ್ನಿ ಬಡಿಸುತ್ತಾ, ದುಡ್ಡು ಕೊಡದೆ ಜಾರಿಕೊಳ್ಳುವವರನ್ನು ರಸ್ತೆವರೆಗೂ ಅಟ್ಟಿಸಿಕೊಂಡು ಹೋಗುತ್ತಾ ಬೆಳೆದವಳು ನಾನು. ನಮ್ಮ ಮನೆಯವರು ಇದಕ್ಕೆ ಪೂರ್ತಿ ಉಲ್ಟಾ. ಮೇಲಿನವರು ಏನೇ ಅಂದರೂ ‘ಜೀ ಸಾಬ್’ ಅಂದುಬಿಡುವ ಮಿಲಿಟರಿ ಅಭ್ಯಾಸ ಅವರಿಗೆ ಇನ್ನೂ ಹೋಗಿರಲಿಲ್ಲ. ಸ್ಟಿಯರಿಂಗ್ ಹಿಡಿದರೆ ಹುಲಿ, ಕುರ್ಚಿ ಎದುರು ನಿಂತರೆ ಬಾಯಿಗೆ ಬೀಗ.

ಟ್ರೇಲರ್ ಅಂದರೆ ಹಡಗಿನಿಂದ ಬರುವ ಆ ದೊಡ್ಡ ಕಬ್ಬಿಣದ ಪೆಟ್ಟಿಗೆ, ಕಂಟೇನರ್, ಅದನ್ನು ಎಳೆಯುವ ಗಾಡಿ. ಎಂಜಿನ್ ಇರುವ ಮುಂದಿನ ಭಾಗವನ್ನು ಅಲ್ಲಿಯವರು ಘೋಡಾ ಅಂತಾರೆ, ಕುದುರೆ. ಒಂದೇ ಒಂದು ಗಾಡಿ ಇಟ್ಟುಕೊಂಡ ನಮ್ಮಂಥವರಿಗೆ ಫ್ಯಾಕ್ಟರಿಯವರು ನೇರವಾಗಿ ಮಾಲು ಕೊಡುವುದಿಲ್ಲ. ಯಾವುದಾದರೂ ಟ್ರಾನ್ಸ್‌ಪೋರ್ಟ್ ಕಂಪನಿಗೆ ಗಾಡಿಯನ್ನು ಲೀಸಿಗೆ ಅಟ್ಯಾಚ್ ಮಾಡಬೇಕು. ಗಾಡಿ ನಮ್ಮದು, ಓಡಿಸೋದು ನಾವು, ಲೋಡು ತಂದುಕೊಡೋದು ಅವರು. ಹಾಗೆ ವರ್ಷಾನುಗಟ್ಟಲೆ ಒಂದೇ ಕಂಪನಿಯ ಜೊತೆ ಇದ್ದೆವು, ಒಂದು ದಿನವೂ ಜಗಳ ಅಂತ ಆಗಿರಲಿಲ್ಲ. ಆಮೇಲೆ ದೇಶದಲ್ಲೆಲ್ಲ ಹೊಸ ರಸ್ತೆ, ಹೊಸ ಗಾಡಿ, ಹೊಸ ಮಾಡೆಲ್ ಅಂತ ಶುರುವಾಯಿತಲ್ಲ, ನಮ್ಮ ಕಂಪನಿಯವರೂ ಇವರನ್ನು ಕರೆದು ಚಹಾ ಕೊಟ್ಟು, ಇನ್ನು ಮುಂದೆ ಹೊಸ ಗಾಡಿ ಮಾತ್ರ ಇಟ್ಟುಕೊಳ್ಳುತ್ತೇವೆ ಅಂದರು. ಮರ್ಯಾದೆಯಿಂದಲೇ ಹೇಳಿದರು. ಇವರು ‘ಜೀ ಸಾಬ್’ ಅಂದು ಚಹಾ ಕುಡಿದು ಬಂದರು.

ನಮ್ಮ ಗಾಡಿಗೆ ಹತ್ತು ತುಂಬಿತ್ತು. ನಾನು ಕೇಳಿದೆ, “ಈಗ ಏನ್ರೀ ಮಾಡೋದು?”

“ಯಾರೂ ಇಟ್ಟುಕೊಳ್ಳದೆ ಇದ್ದರೆ ಮಾಯಾಪುರಿಗೆ ಕೊಡೋದು” ಅಂದರು. ಮಾಯಾಪುರಿ ಅಂದರೆ ಗುಜರಿ. ಬಿಚ್ಚಿ, ಕತ್ತರಿಸಿ, ಕಬ್ಬಿಣದ ಲೆಕ್ಕದಲ್ಲಿ ತೂಗಿ ಮಾರುವ ಜಾಗ. ಆಮೇಲೆ ಇವರು ತಟ್ಟೆ ನೋಡಿಕೊಂಡು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ವಸಂತ್ ಕುಂಜ್‌ನಲ್ಲಿ ಇವರ ಹಳೆಯ ಆಫೀಸರ್ ಒಬ್ಬರಿದ್ದರು, ರಿಟೈರ್ ಆಗಿ ಅಲ್ಲಿ ಫ್ಲಾಟ್ ತಗೊಂಡವರು. ಅವರ ಕಾರಿಗೆ ಡ್ರೈವರ್ ಬೇಕಂತೆ. ಬಿಳಿ ಯೂನಿಫಾರ್ಮು, ಟೋಪಿ. ಬೆಳಿಗ್ಗೆ ಮೇಮ್‌ಸಾಬ್‌ರನ್ನು ಮಾರ್ಕೆಟ್ಟಿಗೆ, ಸಂಜೆ ಸಾಹೇಬರನ್ನು ಕ್ಲಬ್ಬಿಗೆ.

“ನೀವು ಏನಂದಿರಿ?”

“ನೋಡೋಣ ಅಂದೆ ಕಣೇ.”

ಇವರು ‘ನೋಡೋಣ’ ಅಂದರೆ ಮುಗೀತು, ಅರ್ಧ ಒಪ್ಪಿದ ಹಾಗೇ. ಆ ಸಾಹೇಬರು ಒಳ್ಳೆಯವರೇ, ಕೆಲಸವೂ ಕೆಟ್ಟದ್ದಲ್ಲ. ಆದರೆ ನಲವತ್ತು ಅಡಿ ಪೆಟ್ಟಿಗೆಯನ್ನು ಹಿಂದಿಟ್ಟುಕೊಂಡು ಒಂದೇ ಏಟಿಗೆ ರಿವರ್ಸ್ ತೆಗೆಯುವ ಮನುಷ್ಯ, ಇಳಿದ ಮೇಲೆ ಟೈರು ತಟ್ಟಿ ಮಗುವಿನ ಮೈ ಸವರಿದ ಹಾಗೆ ಸವರುವ ಮನುಷ್ಯ, ಹಿಂದಿನ ಸೀಟಿನಿಂದ ‘ಲೆಫ್ಟ್ ತಗೋ, ರೈಟ್ ತಗೋ’ ಅನ್ನಿಸಿಕೊಂಡು ಬಾಳಬೇಕಾ? ಗಾಡಿ ಹೋದರೆ ಇವರೂ ಅರ್ಧ ಹೋದ ಹಾಗೆ ಅನ್ನೋದು ನನಗೆ ಗೊತ್ತಿತ್ತು. “ನೋಡೋದೂ ಇಲ್ಲ ಗೀಡೋದೂ ಇಲ್ಲ. ನಾಳೆಯಿಂದ ನಾನೂ ಬರ್ತೀನಿ, ಅದ್ಯಾವ ಕಂಪನಿಯವನು ಬೇಡ ಅಂತಾನೋ ನೋಡೇಬಿಡ್ತೀನಿ” ಅಂದೆ.

ಇಲ್ಲಿ ಗಾಡಿಯ ಹಣೆಯ ಮೇಲಿದ್ದ ಬರಹದ ಕಥೆ ಹೇಳಬೇಕು.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ‘ಬರ್ತೀನಿ’ ಅನ್ನಬೇಕು, ಇಲ್ಲವೇ ‘ಹೋಗಿ ಬರ್ತೀನಿ’ ಅನ್ನಬೇಕು. ಇವರು ರಜೆ ಮುಗಿಸಿ ಗಡಿಗೆ ಹೊರಡುವಾಗೆಲ್ಲ ಹೊಸ್ತಿಲಲ್ಲಿ ನಿಂತು ಅದನ್ನೇ ಹೇಳುತ್ತಿದ್ದರು, ನಾನು ‘ಹೋಗಿ ಬನ್ನಿ’ ಅನ್ನುತ್ತಿದ್ದೆ. ಆ ಎರಡು ಮಾತಿನ ಮೇಲೆ ಎಷ್ಟು ಚಳಿಗಾಲ ಕಳೆದಿದ್ದೇನೋ! ದಿಲ್ಲಿಗೆ ಬಂದ ಮೇಲೆ ಇಲ್ಲಿಯವರ ‘ಮೈ ಜಾ ರಹಾ ಹೂಂ’, ಹೋಗ್ತಾ ಇದ್ದೀನಿ ಅನ್ನೋ ಮಾತು, ಕೇಳಿ ನನಗೆ ಎದೆ ಧಸಕ್ ಅನ್ನುತ್ತಿತ್ತು. ಇಲ್ಲೇ ಬೆಳೆದ ನನ್ನ ಮಗಳು ಸ್ಕೂಲಿಗೆ ಹೊರಡುವಾಗ “ಅಮ್ಮಾ, ಮೈ ಜಾ ರಹೀ ಹೂಂ” ಅಂದರೆ ಗಲ್ಲಿ ತಿರುವಿನವರೆಗೂ ಓಡಿಹೋಗಿ ಹಿಡಿದು ನಿಲ್ಲಿಸಿ “ಜಾ ಕೇ ಆತೀ ಹೂಂ ಅನ್ನು” ಅಂತ ಹೇಳಿಸುತ್ತಿದ್ದೆ. ಅವಳ ಗೆಳತಿಯರೆಲ್ಲ ಬಿದ್ದು ಬಿದ್ದು ನಗೋರು. ನಗಲಿ ಬಿಡಿ, ನನಗೇನು.

ಹಾಗಾಗಿ ಗಾಡಿ ತಂದ ದಿನ ಪೇಂಟರ್ ಹತ್ತಿರ ಗಾಜಿನ ಮೇಲ್ಗಡೆಯ ಹಣೆಗೆ ಅಗಲವಾಗಿ ‘ಹೋಗಿ ಬರ್ತೀನಿ’ ಅಂತ ಕನ್ನಡದಲ್ಲೇ ಬರೆಸಿದೆ. ಅವನಿಗೆ ಕನ್ನಡ ಎಲ್ಲಿಂದ ಬರಬೇಕು? ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದೆ. ಅವನು ಏಣಿ ಹತ್ತಿ, ಇಳಿದು ನೋಡಿ, ಮತ್ತೆ ಹತ್ತಿ, ಹಳದಿ ಬಣ್ಣದಲ್ಲಿ ಹೂಬಳ್ಳಿ ಬಿಡಿಸಿದ ಹಾಗೆ ಬಿಡಿಸಿದ. “ಭಾಭೀಜೀ, ಇದು ಅಕ್ಷರವೋ ಜಲೇಬಿಯೋ?” ಅಂತ ಕೇಳಿದ. ತಿನ್ನೋಕೆ ಬಂದರೆ ಜಲೇಬಿ, ಓದೋಕೆ ಬಂದರೆ ಅಕ್ಷರ ಅಂದೆ.

ಟ್ರಾನ್ಸ್‌ಪೋರ್ಟ್ ನಗರಕ್ಕೆ ಹೋಗೋಕೆ ಶುರು ಮಾಡಿದೆವು. ಬೆಳಿಗ್ಗೆ ಮೆಸ್ಸಿನ ಕೆಲಸ ಮುಗಿಸಿ ಬಸ್ಸು ಹಿಡಿದರೆ ಮೆಟ್ರೋಗೆ ಅಂತ ರಸ್ತೆಯೆಲ್ಲ ಅಗೆದು ಹಾಕಿದ್ದ ದೂಳು ತಿಂದುಕೊಂಡು ಊರಿನ ಆ ತುದಿ ಮುಟ್ಟಬೇಕು. ಎಲ್ಲ ಆಫೀಸೂ ಒಂದೇ ಥರ. ಗೋಡೆಯಲ್ಲಿ ದೇವರಿಗೆ ಬಲ್ಬಿನ ಸರ, ಅದರ ಕೆಳಗೆ ಮೆತ್ತನೆ ಸೋಫಾದಲ್ಲಿ ಮಾಲೀಕ, ಬಾಗಿಲ ಹತ್ತಿರ ಗುಮಾಸ್ತ. ಹೆಂಗಸು ಒಳಗೆ ಬಂದಳು ಅಂದರೆ ಎಲ್ಲರೂ ಒಂದು ಸಲ ಬಟ್ಟೆ ಸರಿ ಮಾಡಿಕೊಳ್ಳೋರು. ನಾನೇ ಮಾತಾಡುತ್ತಿದ್ದೆ. ಎಂಜಿನ್ ಒಂದು ಹನಿ ಎಣ್ಣೆ ಸೋರಲ್ಲ, ಬೇಕಾದರೆ ಕೆಳಗೆ ಮಲಗಿ ನೋಡಿ; ಬ್ರೇಕು, ಟೈರು, ಪೇಪರು ಎಲ್ಲ ಪಕ್ಕಾ; ಡ್ರೈವರ್ ಮಿಲಿಟರಿಯವರು, ಕುಡಿಯಲ್ಲ, ತಡ ಮಾಡಲ್ಲ. ಅವರು ಎಲ್ಲ ಕೇಳಿಸಿಕೊಂಡು ಕೊನೆಗೆ “ಅಚ್ಛಾ ಅಚ್ಛಾ. ಮಾಡೆಲ್?” ಅನ್ನೋರು. ಹಳೇ ಕಂಪನಿಯವರಿಗೆ ಫೋನ್ ಮಾಡಿ ವಿಚಾರಿಸಿ ಅಂದರೆ ನಗೋರು. ಒಬ್ಬ ಟ್ರಾನ್ಸ್‌ಪೋರ್ಟರ್ ಮಾತನ್ನು ಇನ್ನೊಬ್ಬ ಟ್ರಾನ್ಸ್‌ಪೋರ್ಟರ್ ನಂಬುವ ಪದ್ಧತಿ ಅಲ್ಲಿಲ್ಲ.

ಒಬ್ಬನಂತೂ, ಹೊಟ್ಟೆಯ ಮೇಲೆ ಕೈ ಆಡಿಸುತ್ತಾ, “ಬಹನ್‌ಜೀ, ಹಳೇ ಗಾಡಿಗೂ ಹಳೇ ಕುದುರೆಗೂ ರೆಸ್ಟ್ ಕೊಡಬೇಕು” ಅಂದ. ನಾನು ಬಿಡಲಿಲ್ಲ. “ನಿಮ್ಮ ಮಾಡೆಲ್ ಯಾವುದು ಭಾಯಿಸಾಬ್? ನೀವೂ ಇನ್ನೂ ಓಡ್ತಾ ಇದ್ದೀರಲ್ಲ” ಅಂದೆ. ಗುಮಾಸ್ತನಿಗೆ ಚಹಾ ನೆತ್ತಿಗೆ ಹತ್ತಿತು. ಹೊರಗೆ ಬಂದ ಮೇಲೆ ಇವರು ತಲೆ ಚಚ್ಚಿಕೊಂಡರು. ನನಗೆ ಮಾತ್ರ ಹಾಯ್ ಅನ್ನಿಸಿತು.

ಇನ್ನೊಬ್ಬ ಮೆತ್ತಗಿನ ಮನುಷ್ಯ, ಇವರನ್ನು ಪಕ್ಕಕ್ಕೆ ಕರೆದು, ಈಗಿನ ಕಂಪನಿಗಳಿಗೆ ಈ ಹೂವು, ನವಿಲು, ಬರಹ ಎಲ್ಲ ಇಷ್ಟವಾಗಲ್ಲ, ಪ್ಲೇನ್ ಬಿಳಿ ಬಣ್ಣ ಹೊಡೆಸಿ, ಗಾಡಿಯ ವಯಸ್ಸು ಇಳಿದ ಹಾಗೆ ಕಾಣುತ್ತೆ ಅಂದನಂತೆ. ಇವರು ನನಗೆ ಆ ವಿಷಯ ಹೇಳಲೇ ಇಲ್ಲ. ಮಿಲಿಟರಿಯಲ್ಲಿ ಇನ್‌ಸ್ಪೆಕ್ಷನ್ ಅಂದರೆ ಇಡೀ ಕ್ಯಾಂಪಿಗೆ, ದಾರಿಯ ಕಲ್ಲಿಗೆ, ಮರದ ಬುಡಕ್ಕೆಲ್ಲ ಸುಣ್ಣ ಬಳಿಯುತ್ತಾರಲ್ಲ, ಅದೇ ಬುದ್ಧಿ ಇವರಿಗೆ ಓಡಿದೆ.

ಗಾಡಿ ನಿಲ್ಲುತ್ತಿದ್ದದ್ದು ಹರಿಯಾಣಕ್ಕೆ ದಾಟುವ ಬದರ್‌ಪುರ ಗಡಿಯ ಹತ್ತಿರ ಒಂದು ಖಾಲಿ ಮೈದಾನದಲ್ಲಿ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋದೆ. ನಮ್ಮ ಗಾಡಿ ಕಾಣಲೇ ಇಲ್ಲ. ಸಾಲಿನ ಕೊನೆಯಲ್ಲಿ ಬೆಳ್ಳಗೆ ಏನೋ ನಿಂತಿತ್ತು, ಅದರ ಪಕ್ಕ ಇವರು ಮದುವೆ ಗಂಡಿನ ಹಾಗೆ ನಗುತ್ತಾ ನಿಂತಿದ್ದರು.

“ಪಾಪಾ, ಯೇ ತೋ ಆಂಬ್ಯುಲೆನ್ಸ್ ಥರ ಇದೆ!” ಅಂದಳು ಮಗಳು.

ನಾನು ಮುಂದೆ ಹೋಗಿ ತಲೆ ಎತ್ತಿ ನೋಡಿದೆ. ಹಣೆ ಬೋಳು. ಹಳದಿಯ ಒಂದು ಗೆರೆ ಕೂಡ ಉಳಿದಿರಲಿಲ್ಲ.

“ನನ್ನ ಅಕ್ಷರ ಎಲ್ಲಿ ರೀ?”

“ಕಂಪನಿಯವರಿಗೆ ಪ್ಲೇನ್ ಇದ್ದರೆ ಒಳ್ಳೇದಂತೆ ಕಣೇ.”

“ಒಂದು ಮಾತು ನನ್ನ ಕೇಳಬೇಕು ಅನ್ನಿಸಲಿಲ್ವಾ?”

ಇವರು ಡಬ್ಬಿ ಬಿಚ್ಚುತ್ತಾ, ಬೇರೆಲ್ಲೋ ನೋಡುತ್ತಾ, “ಅದನ್ನ ಓದೋರು ಇಲ್ಲಿ ಯಾರಿದ್ದಾರೆ ಹೇಳು” ಅಂದರು.

ನನಗೆ ಅಳು ಬಂತು. ಅಳು ಬಂದರೆ ನನಗೆ ಕೋಪವೂ ಬರುತ್ತೆ, ಎರಡೂ ಒಟ್ಟಿಗೇ. ಆ ಮೈದಾನದಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ಕೇಳಿಸಿಕೊಳ್ಳುವ ಹಾಗೆ ಇವರಿಗೆ ಸಹಸ್ರನಾಮ ಅರ್ಚನೆ ಮಾಡಿದೆ. ಓದೋರು ಯಾರೂ ಇಲ್ಲದಿದ್ದರೆ ಏನು, ನಾನಿಲ್ಲವಾ? ಬರೆಸಿದ್ದು ಊರಿಗಾಗಿ ಅಲ್ಲ. ಇವರು ಕನ್ನಡಿ ನೋಡಿಕೊಂಡ ಹಾಗೆ ಗಾಡಿ ನೋಡುತ್ತಾ ಚಪಾತಿ ತಿಂದರು.

ಬಿಳಿ ಬಣ್ಣದಿಂದ ಏನಾಯಿತು ಗೊತ್ತಾ? ಇದ್ದ ಮರ್ಯಾದೆಯೂ ಹೋಯಿತು. ಆವರೆಗೆ ಗಾಡಿ ಹಳೇದು ಅಂತಿದ್ದರು, ಈಗ ಗಾಡಿ ಖೋಟಾ ಅನ್ನೋಕೆ ಶುರು ಮಾಡಿದರು. ಗಾಡಿ ನೋಡೋಕೆ ಅಂತ ಒಂದು ಕಂಪನಿಯಿಂದ ಬಂದ ಮನುಷ್ಯ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿ, ಬಣ್ಣ ಮೂಸಿ ನೋಡಿ, “ತಾಜಾ ಪೇಂಟು. ಎಲ್ಲಿ ಗುದ್ದಿದ್ದೀರಿ? ಯಾವ ಗಾಯ ಮುಚ್ಚಿದ್ದೀರಿ?” ಅಂತ ಕೇಳಿದ. ಎಲ್ಲೂ ಗುದ್ದಿಲ್ಲ ಅಂದರೆ ನಂಬಲಿಲ್ಲ. ಇನ್ನೊಬ್ಬ, ಗಾಡಿ ಕದ್ದ ಮಾಲೇನೋ ಅನ್ನೋ ಹಾಗೆ ಚಾಸಿಯ ನಂಬರನ್ನು ಮೂರು ಮೂರು ಸಲ ಉಜ್ಜಿ ನೋಡಿದ. ಇವರು ‘ಜೀ ಸಾಬ್’ ಅಂದು ಗಾಡಿಯ ಬಾಗಿಲಿಗೆ ಬೀಗ ಹಾಕಿದರು. ಆ ಬೀಗ ನೋಡಿ ನನಗೆ ಭಯವಾಯಿತು.

ಮಾರನೇ ಬೆಳಿಗ್ಗೆ ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ವಸಂತ್ ಕುಂಜ್ ಸಾಹೇಬರು ಹೇಳಿದ ಟೈಲರ್ ಹತ್ತಿರ ಯೂನಿಫಾರ್ಮಿಗೆ ಅಳತೆ ಕೊಡೋಕೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಬೆನ್ನು ಹಾಕಿಕೊಂಡೇ, “ಹೋಗ್ತೀನಿ” ಅಂದರು.

ಇಷ್ಟು ವರ್ಷದ ಸಂಸಾರದಲ್ಲಿ, ಗುಂಡು ಹಾರುವ ಜಾಗಕ್ಕೆ ಹೊರಟಾಗಲೂ, ಆ ಮಾತನ್ನು ಹಾಗೆ ಅರ್ಧಕ್ಕೆ ಬಿಟ್ಟವರಲ್ಲ. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಸಾರು ಉಕ್ಕಿ ಒಲೆಯೆಲ್ಲ ಆಯಿತು.

ಇಲ್ಲ, ಇದು ಹೀಗೆ ಬಿಟ್ಟರೆ ಆಗಲ್ಲ ಅಂದುಕೊಂಡೆ. ಅವತ್ತು ಸಾಯಂಕಾಲ ಮೆಸ್ಸಿಗೆ ಊಟಕ್ಕೆ ಬಂದವರಲ್ಲಿ ಬೀದರ್ ಕಡೆಯ ಒಬ್ಬ ಹುಡುಗಿ ಇದ್ದಳು. ಬಟ್ಟೆ ರಫ್ತು ಮಾಡುವ ಕಂಪನಿಯಲ್ಲಿ ಮಾಲು ಕಳಿಸುವ ವಿಭಾಗದಲ್ಲಿ ಕೆಲಸ. ದಿನಾ ಯಾರನ್ನೋ ಫೋನಿನಲ್ಲಿ ಬೈಯುತ್ತಲೇ ಊಟ ಮಾಡೋಳು. ಅವಳ ತಟ್ಟೆಗೆ ಪಲ್ಯ ಹಾಕುತ್ತಾ, “ಅದ್ಯಾರನ್ನ ಬೈತೀಯೆ ತಾಯಿ ದಿನಾ?” ಅಂತ ಕೇಳಿದೆ.

“ಟ್ರೇಲರಿನವರನ್ನ, ಆಂಟಿ. ಫರೀದಾಬಾದ್ ಫ್ಯಾಕ್ಟರಿಯಿಂದ ಕಂಟೇನರನ್ನ ರೈಲಿಗೆ ಹತ್ತಿಸೋ ಡಿಪೋಗೆ ಮುಟ್ಟಿಸೋಕೆ ಗಾಡೀನೇ ಸಿಗಲ್ಲ. ಹೊಸ ಗಾಡಿಯವರೆಲ್ಲ ಮುಂಬಯಿಗೇ ಹೋಗ್ತಾರೆ, ಇಷ್ಟು ಹತ್ತಿರದ ಕೆಲಸ ಯಾರಿಗೂ ಬೇಡ.”

ನನಗೆ ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ನಾವು ಹುಡುಕುತ್ತಿದ್ದ ಜಾಗವೇ ತಪ್ಪು. ದೂರದ ಓಟಕ್ಕೆ ಹೊಸ ಕುದುರೆ ಬೇಕು ನಿಜ. ಊರ ಸುತ್ತ ಓಡೋಕೆ ನಿಯತ್ತಿನ ಕುದುರೆ ಸಾಕಲ್ಲ! ಇವರು ವರ್ಷಗಟ್ಟಲೆ ಮಾಡಿದ್ದೂ ಅದೇ ಕೆಲಸ, ಅದೇ ಡಿಪೋ. ಅವಳ ಕಂಪನಿಗೆ ಗಾಡಿ ಕೊಡುವ ಟ್ರಾನ್ಸ್‌ಪೋರ್ಟರ್ ಯಾರ್ಡ್ ಎಲ್ಲಿದೆ ಅಂತ ಕೇಳಿಕೊಂಡು, ಅವಳಿಗೆ ಇನ್ನೊಂದು ಹೋಳಿಗೆ ಹಾಕಿದೆ.

ಇವರನ್ನು ಒಪ್ಪಿಸೋಕೆ ಎರಡು ಮೂರು ದಿನ ಹಿಡಿಯಿತು, ಸಾಕು ಸಾಕಾಯಿತು. ಸೋಮವಾರದಿಂದ ಸಾಹೇಬರ ಮನೆಗೆ ಕೆಲಸಕ್ಕೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ, ಇನ್ಯಾಕೆ ಅಂದರು. “ಸೋಮವಾರ ತಾನೇ? ಇವತ್ತಿನ್ನೂ ಶುಕ್ರವಾರ. ಇದೊಂದು ಕಡೆ ಗಾಡಿ ತಗೊಂಡೇ ಹೋಗೋಣ. ಅಲ್ಲೂ ಬೇಡ ಅಂದರೆ ನಾನೇ ನಿಮ್ಮ ಟೋಪಿಗೆ ಇಸ್ತ್ರಿ ಹಾಕಿ ಕಳಿಸ್ತೀನಿ” ಅಂದೆ. ದಾರಿಯಲ್ಲಿ ಇವರು ಟೈಲರ್ ಅಂಗಡಿ ಮುಂದೆ ಇಳಿದು ಹೊಲಿದಿಟ್ಟಿದ್ದ ಯೂನಿಫಾರ್ಮಿನ ಪೊಟ್ಟಣ ತಗೊಂಡರು. ಬದರ್‌ಪುರದಿಂದ ಗಾಡಿಯಲ್ಲಿ ಹೋಗುವಾಗ ಅದು ನಮ್ಮಿಬ್ಬರ ಮಧ್ಯೆ ಸೀಟಿನ ಮೇಲೆ ಕೂತಿತ್ತು. ಅದನ್ನು ಕಿಟಕಿಯಿಂದ ಎಸೆದುಬಿಡಬೇಕು ಅಂತ ನನ್ನ ಕೈ ತುರಿಸುತ್ತಿತ್ತು.

ಯಾರ್ಡಿನ ಮಾಲೀಕರು ಹರಿಯಾಣದವರು. ಎಲ್ಲರೂ ಚೌಧರಿ ಸಾಬ್ ಅನ್ನುತ್ತಿದ್ದರು. ಆಫೀಸಿನಲ್ಲಿ ಸೋಫಾ ಇರಲಿಲ್ಲ, ಹೊರಗೆ ಬೇವಿನ ಮರದ ಕೆಳಗೆ ಹಗ್ಗದ ಮಂಚ ಹಾಕಿಕೊಂಡು ಕೂತಿದ್ದರು. ನಾನು ಅವರು ಬಾಯಿ ತೆಗೆಯುವ ಮೊದಲೇ ಮಾಡೆಲ್ ಹೇಳಿಬಿಟ್ಟೆ. “ಹಳೇದು. ಗೊತ್ತು. ಅದು ಬಿಟ್ಟು ಬೇರೆ ಏನಾದರೂ ಕೇಳಿ” ಅಂದೆ.

ಅವರು ಹುಬ್ಬು ಹಾರಿಸಿ ನನ್ನನ್ನೊಮ್ಮೆ ನೋಡಿದರು. ನೀರು ತರಿಸಿ, ಇವರ ಮಿಲಿಟರಿ ಕೆಲಸ, ಡಿಪೋ ಓಟ ಎಲ್ಲ ಕೇಳಿ ತಿಳಿದುಕೊಂಡರು. ಇಷ್ಟು ದಿನದಲ್ಲಿ ನೀರು ಕೊಟ್ಟವರು ಈ ಚೌಧರಿ ಸಾಬ್ ಒಬ್ಬರೇ. ಆಮೇಲೆ ಎದ್ದು ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಿದರು, ಎಂಜಿನ್ ಶುರು ಮಾಡಿಸಿ ಕಣ್ಣು ಮುಚ್ಚಿಕೊಂಡು ಶಬ್ದ ಕೇಳಿದರು. ಎಂಜಿನ್ ಚೆನ್ನಾಗಿದೆ ಅಂದರು. ಕೊನೆಗೆ ಬಣ್ಣ ಮುಟ್ಟಿ ನೋಡಿದರು. ಮುಖ ಬದಲಾಯಿತು.

“ಡಿಪೋದಲ್ಲಿ ಇಷ್ಟು ವರ್ಷ ಓಡಿಸಿದ್ದೀನಿ ಅಂತೀಯಲ್ಲ ಫೌಜೀ, ಅಲ್ಲಿ ನಿನ್ನ ಬಲ್ಲವರು ಯಾರು?” ಅಂತ ಇವರನ್ನು ಕೇಳಿದರು.

ಇವರು ಯಾರ ಹೆಸರು ಹೇಳಬೇಕು? ಇವರು ಯಾರ ಜೊತೆಯೂ ಕೂತು ಇಸ್ಪೀಟು ಆಡಿದವರಲ್ಲ, ಲೈನಿನಲ್ಲಿ ಗಾಡಿ ಬಿಟ್ಟು ಕೆಳಗೆ ಇಳಿದವರೂ ಅಲ್ಲ. ಚೌಧರಿ ಸಾಬ್ ಡಿಪೋದಲ್ಲಿದ್ದ ತಮ್ಮ ಸೂಪರ್‌ವೈಸರಿಗೆ ಫೋನ್ ಹಚ್ಚಿ, ಬಿಳಿ ಗಾಡಿ, ಮದ್ರಾಸಿ ಡ್ರೈವರ್, ನಂಬರ್ ಇಂಥದ್ದು ಅಂತ ಓದಿ ಹೇಳಿದರು. ಆ ಕಡೆಯವನು ಅಂಥ ಗಾಡಿ ನೋಡೇ ಇಲ್ಲ ಅಂದ. ಚೌಧರಿ ಸಾಬ್ ಫೋನ್ ಕೆಳಗಿಟ್ಟು, ಒಂಥರಾ ಬೇಜಾರಿನಿಂದಲೇ, “ಎಂಜಿನ್ ಒಳ್ಳೇದು. ಆದರೆ ಗುರುತಿಲ್ಲದ ಗಾಡಿಗೆ ಜನರ ಮಾಲು ಹೇಗೆ ಹೊರಿಸಲಿ?” ಅಂದರು.

ಇವರು “ಜೀ ಸಾಬ್” ಅಂದು ಗಾಡಿ ಕಡೆ ತಿರುಗಿದರು. ತಿರುಗಿದ ಆ ಬೆನ್ನನ್ನೂ ಅದರಾಚೆ ಗಾಡಿಯ ಬೋಳು ಹಣೆಯನ್ನೂ ನೋಡಿದೆ. ಅದರ ಜೊತೆಗೇ ಒಂದು ವಿಷಯ ಹೊಳೆಯಿತು. ಗುರುತು ಇಲ್ಲದೇ ಏನು? ಗುರುತಿನ ಮೇಲೆ ಇವರೇ ಬಿಳಿ ಬಣ್ಣ ಬಳಿಸಿದ್ದಾರಲ್ಲ! ಗಾಡಿ ಲೈನಿನಲ್ಲಿ ಯಾರು ಯಾರ ಮುಖ ನೋಡುತ್ತಾರೆ? ಮುಂದಿನ ಗಾಡಿಯ ಬೆನ್ನು, ಕನ್ನಡಿಯಲ್ಲಿ ಹಿಂದಿನ ಗಾಡಿಯ ಹಣೆ, ಅಷ್ಟೇ.

ಯಾರ್ಡಿನ ಮೂಲೆಯಲ್ಲಿ ಒಂದು ಢಾಬಾ ಇತ್ತು. ಸೀದಾ ಅಲ್ಲಿಗೆ ಹೋಗಿ “ಭಯ್ಯಾ, ಒಂದು ದೊಡ್ಡ ಇದ್ದಿಲು ಕೊಡಿ” ಅಂತ ಕೇಳಿದೆ. ಅವನು ತಂದೂರಿನ ಪಕ್ಕದ ಚೀಲದಿಂದ ತೆಗೆದು ಕೊಟ್ಟ, ಯಾಕೆ ಅಂತಲೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯ ಬಂಪರ್ ಹತ್ತಿದೆ. “ಏ, ಬೀಳ್ತೀಯ, ಇಳಿಯೇ!” ಅಂತ ಇವರು ಓಡಿ ಬಂದರು. ನಾನು ಸೊಪ್ಪು ಹಾಕಲಿಲ್ಲ. ಹಣೆಗೆ ಕೈ ಎಟಕಲಿಲ್ಲ. ಗಾಜಿನ ಕೆಳಗಿನ ಅಗಲ ಜಾಗ ಇತ್ತಲ್ಲ, ಆ ಹೊಸ ಬಿಳಿ ಬಣ್ಣದ ಮೇಲೆ, ಒಂದು ಕೈಯಲ್ಲಿ ವೈಪರ್ ಹಿಡಿದುಕೊಂಡು, ಇನ್ನೊಂದರಲ್ಲಿ ಇದ್ದಿಲು ಒತ್ತಿ ಒತ್ತಿ ಬರೆಯುತ್ತಾ ಹೋದೆ. ‘ಹೋಗಿ’ ಆಯಿತು. ‘ಬ’ ಬರೆಯುತ್ತಿದ್ದೆ.

ಯಾರ್ಡಿನ ಆ ತುದಿಯಲ್ಲಿ ಟೈರು ಬದಲಾಯಿಸುತ್ತಿದ್ದ ಒಬ್ಬ ಡ್ರೈವರ್ ಕೂಗಿದ, “ಅರೇ! ಯೇ ತೋ ಜಲೇಬೀ ವಾಲೀ ಗಾಡೀ ಹೈ!”

ಅವನು ನಟ್ಟು ಬಿಚ್ಚುವ ಪಾನಾ ಅಲ್ಲೇ ಬಿಟ್ಟು ಓಡಿ ಬಂದ. ಅವನ ಹಿಂದೆ ಇನ್ನಿಬ್ಬರು ಬಂದರು. ನಾನು ಬಂಪರ್ ಮೇಲೆ ನಿಂತೇ ಇದ್ದೆ, ಕೈಯೆಲ್ಲ ಮಸಿ. ಅವನು ಇವರ ಭುಜ ಹಿಡಿದು ಅಲುಗಾಡಿಸುತ್ತಾ, “ಫೌಜೀ, ಜಲೇಬಿ ನೀನೇನಾ? ಎಲ್ಲಿ ಮಾಯವಾಗಿದ್ದೆ? ಗುಜರಿಗೆ ಹಾಕಿದರು ಅಂದುಕೊಂಡಿದ್ದೆವಲ್ಲ!” ಅಂದ. ಚೌಧರಿ ಸಾಬ್ ಕಡೆ ತಿರುಗಿ, ಮಳೆಗಾಲದಲ್ಲಿ ಡಿಪೋ ರಸ್ತೆಯಲ್ಲಿ ತನ್ನ ಗಾಡಿ ಹೂತು ಹೋದಾಗ ಎಲ್ಲರೂ ಹಾರ್ನ್ ಹೊಡೆದುಕೊಂಡು ಪಕ್ಕದಿಂದ ಹೋದರೆ ಈ ಗಾಡಿಯೊಂದೇ ನಿಂತು ಎಳೆದು ಹಾಕಿತು ಅಂತ ಹೇಳಿದ. ಇನ್ನೊಬ್ಬ, ಗೇಟು ತೆರೆಯುವ ಮೊದಲೇ ಬಂದು ನಿಂತಿರುವ ಗಾಡಿ ಇದೊಂದೇ ಅಂದ. ಇದರ ಹಿಂದೆ ಲೈನು ಹಚ್ಚಿದರೆ ಕೆಲಸ ಬೇಗ ಆಗುತ್ತೆ ಅಂತ ಡಿಪೋದಲ್ಲಿ ಡ್ರೈವರುಗಳಿಗೆ ಒಂದು ನಂಬಿಕೆಯೇ ಇತ್ತಂತೆ. ಇದ್ಯಾವುದನ್ನೂ ಈ ಮಹಾರಾಯರು ಮನೆಯಲ್ಲಿ ಒಂದು ದಿನ ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ಕಿವಿ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದರು. ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ, ಅಲ್ಲೇ ಬಂಪರ್ ಮೇಲಿಂದಲೇ ಇವರಿಗೆ ಎರಡು ಬೈದುಬಿಡೋಣ ಅನ್ನಿಸಿತು.

ಚೌಧರಿ ಸಾಬ್ ಮತ್ತೆ ಫೋನ್ ಹಚ್ಚಿದರು. “ಜಲೇಬೀ ವಾಲೀ” ಅಂದರು ಅಷ್ಟೇ. ಆ ಕಡೆಯವನ ದನಿ ನನಗೂ ಕೇಳಿಸಿತು. “ಮೊದಲೇ ಹಾಗೆ ಹೇಳಬಾರದಾ ಸಾಬ್? ಬೇಗ ಹಿಡಿದುಕೊಳ್ಳಿ, ಬಿಡಬೇಡಿ!”

ಫೋನ್ ಜೇಬಿಗೆ ಹಾಕಿಕೊಂಡು ಗಾಡಿಯ ಮುಂದೆ ಬಂದು ನಿಂತರು. “ಬೇಟಿ, ಏನು ಬರೆದಿದೆ ಇದರಲ್ಲಿ?”

“ಇನ್ನೂ ಪೂರ್ತಿ ಬರೆದಿಲ್ಲ, ತಾಳಿ” ಅಂದೆ. ಉಳಿದದ್ದನ್ನು ಬರೆದು ಮುಗಿಸಿ, ಕೆಳಗಿಳಿದು, ಕೈ ಒರೆಸಿಕೊಳ್ಳುತ್ತಾ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅಂತ ಹೇಳಿ ಮನೆ ಬಿಡೋದಿಲ್ಲ. ಹೋಗಿ ಬರ್ತೀನಿ ಅಂತಾರೆ. ಅದೇ ಬರೆದಿರೋದು.

ಅವರು ಆ ಅಕ್ಷರಗಳ ಸುತ್ತನ್ನು ಬೆರಳಿನಿಂದ ಹಿಡಿದು ನೋಡಿದರು. “ಮಾಡೆಲ್ ಮಾತ್ರ ಹಳೇದು” ಅಂದರು. ನಾನು ಬಾಯಿ ತೆಗೆಯೋಕೆ ಹೊರಟೆ, ಕೈ ಎತ್ತಿ ತಡೆದರು. “ಆ ಶೆಡ್ಡಿನಲ್ಲಿ ಒಂದು ಕಂಟೇನರ್ ತುಂಬಿ ನಿಂತಿದೆ ಫೌಜೀ, ಮಧ್ಯಾಹ್ನದೊಳಗೆ ಡಿಪೋ ಮುಟ್ಟಬೇಕು. ಲೀಸಿನ ಕಾಗದ ಸಂಜೆ ಮಾಡೋಣ. ಚಲೋ, ಮೊದಲು ಹೋಗಿ ಬಾ.”

ಇವರು ಗಾಡಿಯನ್ನು ಒಂದೇ ಏಟಿಗೆ ರಿವರ್ಸ್ ತೆಗೆದು ಶೆಡ್ಡಿಗೆ ಹಚ್ಚಿದರು. ಯಾರ್ಡಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಕ್ರೇನು ಪೆಟ್ಟಿಗೆ ಎತ್ತಿಟ್ಟಿತು. ಇವರು ಕೆಳಗಿಳಿದು ನಾಲ್ಕು ಮೂಲೆಯ ಲಾಕುಗಳನ್ನೂ ಒಂದೊಂದಾಗಿ ಎಳೆದು ನೋಡಿ, ಟೈರು ತಟ್ಟಿ, ಮೇಲೆ ಹತ್ತಿ ಕೂತರು. ಗಾಡಿ ಗೇಟಿನ ಹತ್ತಿರ ಬಂದಾಗ ನಾನು ಬೇವಿನ ಮರದ ಕೆಳಗೆ ನಿಂತಿದ್ದೆ. ಬ್ರೇಕ್ ಹಾಕಿದರು. ಕಿಟಕಿಯಿಂದ ಕೈ ಚಾಚಿ ಆ ಟೈಲರ್ ಪೊಟ್ಟಣವನ್ನು ನನ್ನ ಕೈಗೆ ಹಾಕಿದರು.

“ಇದನ್ನ ಮನೆಗೆ ತಗೊಂಡು ಹೋಗು. ಒಳ್ಳೇ ಬಟ್ಟೆ, ಗಾಜು ಒರೆಸೋಕೆ ಆಗುತ್ತೆ. ಸಾಹೇಬರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

ನಾನೇ, ಅಂದರು. ನಾನು ಪೊಟ್ಟಣ ಎದೆಗೆ ಒತ್ತಿಕೊಂಡು ನಿಂತೆ, ಸೀರೆಗೆಲ್ಲ ಮಸಿ.

ಗೇರ್ ಹಾಕಿದರು. ಎಂಜಿನ್ ಸದ್ದಿನಲ್ಲೂ ಕೇಳಿಸುವ ಹಾಗೆ, ನನ್ನ ಕಡೆಗೇ ನೋಡುತ್ತಾ, “ಹೋಗಿ ಬರ್ತೀನಿ ಕಣೇ” ಅಂದರು.

ಟ್ರಾನ್ಸ್‌ಪೋರ್ಟ್ ನಗರದ ಅಷ್ಟೂ ಗಂಡಸರಿಗೆ ಎದುರು ಮಾತಾಡಿ ಬಂದವಳು ನಾನು. ‘ಹೋಗಿ ಬನ್ನಿ’ ಅನ್ನೋ ಎರಡು ಮಾತನ್ನ ಮಾತ್ರ ಅವತ್ತು ಬಾಯಲ್ಲಿ ಹೇಳೋಕೆ ಆಗಲಿಲ್ಲ. ಮಸಿ ಕೈಯನ್ನೇ ಎತ್ತಿ ಬೀಸಿದೆ. ಗಾಡಿ ಗೇಟು ದಾಟಿತು.